ತಾನಾಗಿ ಓಡಾಡಿದ ಬಾಣ

ಪ್ರೀತಿಯ ಅಣ್ಣನಿಗೆ,

ಹೋದ ಭಾನುವಾರ ನೀನು ಅಲ್ಲಿಂದಲೇ ಇಂಟರ್ನೆಟ್ಟಿನಲ್ಲಿ ನಮ್ಮ ಕಂಪ್ಯೂಟರಿನೊಳಗೆ ಬಂದು ಸೆಟ್ಟಿಂಗ್ ಬದಲಿಸಿ ವೇಗ ಹೆಚ್ಚಿಸಿದೆಯಲ್ಲ, ನನ್ನ ಕಾರ್ಟೂನ್ ಚಿತ್ರದ ಕೆಲಸ ಸಲೀಸಾಗಿ ಸಾಗುತ್ತಿದೆ. ಆದರೆ ಕಂಪ್ಯೂಟರಿನ ಪೆಟ್ಟಿಗೆ ಕಾದು ಆಗಾಗ ಆರಿಹೋಗುತ್ತದೆ. ವೇಗ ಸ್ವಲ್ಪ ಇಳಿಸಬೇಕು.

ಅವತ್ತು ನೀನು ಸೆಟ್ಟಿಂಗ್ ಬದಲಿಸುತ್ತಿದ್ದಾಗ ನಾನು ಬಟ್ಟೆ ಒಣಹಾಕಿ ಒಳಗೆ ಬಂದರೆ ಅಪ್ಪ ನನ್ನ ಕುರ್ಚಿಯಲ್ಲಿ ಕೂತಿದ್ದರು. ಪರದೆಯ ಮೇಲೆ ಮೌಸಿನ ಬಾಣ ತಾನಾಗಿ ಓಡಾಡುತ್ತಿತ್ತು.

"ಇದನ್ನ ಆಡಿಸ್ತಿರೋದು ಅವನೇನಾ?" ಅಂದರು. ಹೌದು ಅಂದೆ.

ನೀನು ಅವರ ಜೊತೆ ಜಗಳವಾಡಿ ಮನೆ ಬಿಟ್ಟಮೇಲೆ, ನಿನ್ನ ಮಾತೆತ್ತಿದರೆ ಎದ್ದುಹೋಗುತ್ತಿದ್ದವರು, ಅವತ್ತು ಕಂಪ್ಯೂಟರ್ ಆರಿ ಮತ್ತೆ ಶುರುವಾಗಿ ನಿನ್ನ ಬಾಣ ಬರುವವರೆಗೂ ಕದಲಲಿಲ್ಲ. ಈಗ ಪೆಟ್ಟಿಗೆ ಬಿಸಿಯಾದರೆ ತಮ್ಮ ಟೇಬಲ್ ಫ್ಯಾನನ್ನೇ ತಂದು ಅದರ ಮುಂದಿಡುತ್ತಾರೆ. "ಮೊದಲಿಂದಲೂ ಅವನಿಗೆ ಎಲ್ಲದಕ್ಕೂ ಅವಸರ" ಅಂತ ಗೊಣಗುತ್ತಾರೆ. ಗೊಣಗುವಾಗ ಮುಖದಲ್ಲಿ ಸಿಟ್ಟಿರುವುದಿಲ್ಲ.

ಈ ಭಾನುವಾರ ಬೆಳಿಗ್ಗೆ ವೇಗ ಇಳಿಸಿಕೊಡು. ನಾನು ಮನೆಯಲ್ಲಿರುವುದಿಲ್ಲ. ನೀನು ಒಳಬರಲು ಬೇಕಾದ ಸಂಖ್ಯೆ ಪ್ರತಿ ಸಲವೂ ಪರದೆಯ ಮೇಲೆ ಹೊಸದಾಗಿ ಬರುತ್ತದಲ್ಲ, ಅದನ್ನು ಅಪ್ಪನಿಗೇ ಫೋನ್ ಮಾಡಿ ಕೇಳಬೇಕು. ಅವರಿಗೂ ಹೇಳಿದ್ದೇನೆ.

"ನಿಧಾನವಾಗಿ ಓದಿ ಹೇಳ್ತೀನಿ, ಬರ್ಕೊಳ್ಳಲಿ" ಅಂದಿದ್ದಾರೆ.

ನಿನ್ನ ತಂಗಿ