ಎರಡು ರಿಂಗ್

ಪ್ರೀತಿಯ ಸರೋಜಾ ಆಂಟಿಗೆ,

ಕನ್ನಡಕ ಹುಡುಕಬೇಡಿ, ಹಣೆಯ ಮೇಲೇ ಇರುತ್ತದೆ. ನೀವು ತೀರಿಕೊಂಡು ವರ್ಷವಾಗುತ್ತಾ ಬಂತು. ಡರ್ಹಮ್‌ನಲ್ಲಿ ಮತ್ತೆ ಚಳಿ ಶುರುವಾಗಿದೆ. ನಿಮ್ಮ ಅಪಾರ್ಟ್‌ಮೆಂಟಿಗೆ ಯಾರೋ ಹೊಸಬರು ಬಂದಿದ್ದಾರೆ. ಆ ಕಿಟಕಿಯಲ್ಲಿ ದೀಪ ಕಂಡರೆ ಸಾಕು, ಕಾಫಿಗೆಂದು ಚಪ್ಪಲಿ ಮೆಟ್ಟಿಕೊಂಡುಬಿಡುತ್ತೇನೆ. ಆಮೇಲೆ...

ನಾನು ಮೊದಲ ಸಲ ರಜಕ್ಕೆ ಊರಿಗೆ ಹೊರಟದ್ದು ನೆನಪಿದೆಯಾ? ಏರ್‌ಪೋರ್ಟಿಗೆ ನೀವೇ ಕಾರಿನಲ್ಲಿ ಬಿಟ್ಟಿರಿ. ಬೆಂಗಳೂರಿಗೆ ಹತ್ತಿರಹತ್ತಿರ ಒಂಬತ್ತು ಸಾವಿರ ಮೈಲಿ, ಅಟ್ಲಾಂಟಾ, ಫ್ರಾಂಕ್‌ಫರ್ಟ್, ಬಾಂಬೆ ಎಂದು ಇಳಿದು ಹತ್ತುತ್ತಾ ಹೋಗಬೇಕು ಎಂದು ನಾನು ದೊಡ್ಡದಾಗಿ ವಿವರಿಸುತ್ತಿದ್ದೆ.

“ಮೈಲಿ ಕಟ್ಕೊಂಡು ನನಗೇನಾಗ್ಬೇಕು? ಎಷ್ಟು ಹೊತ್ತು ಫೋನ್ ಪಕ್ಕ ಕೂತಿರ್ಬೇಕು, ಅದನ್ನ ಹೇಳು.”

“ಒಂದೂವರೆ ದಿನ ಆಗುತ್ತೆ. ನೀವ್ಯಾಕೆ ಕೂತಿರ್ಬೇಕು ಆಂಟಿ?”

“ಇಳಿದ ತಕ್ಷಣ ಬೂತಿಂದ ನನ್ನ ನಂಬರ್ ಡಯಲ್ ಮಾಡು. ಎರಡು ರಿಂಗ್ ಆದ್ಮೇಲೆ ಕಟ್ ಮಾಡು. ನಾನು ಎತ್ತಲ್ಲ. ತಲುಪಿದ್ಲು ಅಂತ ಗೊತ್ತಾಗುತ್ತೆ, ಮಲ್ಕೋತೀನಿ.”

ಎತ್ತದ ಫೋನಿಗೆ ಬಿಲ್ ಬರುವುದಿಲ್ಲವಲ್ಲ! ಜುಗ್ಗಿ ಎಂದು ನಿಮ್ಮನ್ನು ದಾರಿಯುದ್ದಕ್ಕೂ ಗೋಳುಹೊಯ್ದುಕೊಂಡೆ. ಆದರೆ ಗಂಡನಿಂದ ದೂರವಾದ ಮೇಲೆ ಈ ದೇಶದಲ್ಲಿ ನಾನು ತಲುಪಿದೆನೋ ಇಲ್ಲವೋ ಎಂದು ಕಾಯುತ್ತಿದ್ದವರು ನೀವೊಬ್ಬರೇ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಏನಾಯಿತು ಗೊತ್ತೆ? ಬೆಂಗಳೂರಲ್ಲಿ ಇಳಿದೆ. ತಮ್ಮ ಕಾರು ತಂದಿದ್ದ. ಕಾಲು ಮಾತ್ರ ತಾನಾಗಿ ಬೂತಿನ ಕಡೆ ನಡೆಯಿತು.

“ಯಾರಿಗಕ್ಕ ಫೋನು? ಅಲ್ಲಿ ಯಾರಿದಾರೆ?” ಎಂದ ಅವನು.

ಯಾರಿದ್ದಾರೆ? ಬೀಗ ಹಾಕಿದ ನನ್ನ ಮನೆಯ ನಂಬರನ್ನೇ ತಿರುಗಿಸಿದೆ. ಎರಡು ರಿಂಗ್ ಆಯಿತು, ಇಟ್ಟೆ. ಅಷ್ಟು ದೂರ ಹಾರಿ ಬಂದದ್ದು ಯಾರಿಗಾದರೂ ಗೊತ್ತಾಗಬೇಕಿತ್ತು ಆಂಟಿ. ಬೂತಿನವನ ಎದುರೇ ಅಳು ಬಂತು.

ಮೊನ್ನೆ ಶನಿವಾರ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ದೀಪಾ ಊರಿಗೆ ಹೊರಟಳು. ಮೈಸೂರಿನ ಹುಡುಗಿ. ನಾನೇ ಏರ್‌ಪೋರ್ಟಿಗೆ ಬಿಟ್ಟೆ. ಎರಡು ರಿಂಗಿನ ವಿಷಯ ಹೇಳಿದರೆ, ನಾನು ನಕ್ಕ ಹಾಗೆಯೇ ನಕ್ಕಳು. “ಓಕೆ ಆಂಟಿ, ಮಾಡ್ತೀನಿ” ಅಂದಳು. ನನಗೆ ಆಂಟಿ ಅಂತೆ! ನೀವಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ.

ಭಾನುವಾರ ಫೋನ್ ಬಿಟ್ಟು ಕದಲಲಿಲ್ಲ. ಸ್ನಾನವೂ ಇಲ್ಲ. ನಡುವೆ ಏನೋ ಮಾರಲು ಫೋನ್ ಮಾಡಿದವನನ್ನು ಲೈನ್ ಬಿಡು ಮಾರಾಯ ಎಂದು ಕನ್ನಡದಲ್ಲೇ ಬೈದೆ. ಕೊನೆಗೂ ಬಂತು. ಒಂದು ರಿಂಗ್, ಎರಡು ರಿಂಗ್. ನಿಂತಿತು.

ಎತ್ತಲಿಲ್ಲ ಆಂಟಿ, ನೀವು ಹೇಳಿದ ಹಾಗೆಯೇ ಮಾಡಿದೆ. ಹುಡುಗಿ ತಲುಪಿದಳು. ಆದರೆ ಎಷ್ಟೋ ಹೊತ್ತು, ಇನ್ನೊಂದು ರಿಂಗ್ ಬರಬಹುದೇನೋ ಎಂದು ಫೋನಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ. ನಿಜ ಹೇಳಿ, ನೀವು ಮಲಗುತ್ತಿದ್ದಿರಾ?

ನಿಮ್ಮ,
ವಿಮಲಾ