ಸೂಗಮ್ಮನ ಬೆರಳುಗಳು ಸತ್ತಿಲ್ಲ

ಓದುಮನೆಗಳ ಗಣಕಯಂತ್ರ ವಿಭಾಗದ ಮುಖ್ಯಸ್ಥರಿಗೆ,
ಸೇಡಂ ರಸ್ತೆ, ಕಲಬುರಗಿ.

ಮಾನ್ಯರೇ,

ತಮ್ಮ ಒಂದು ಆದೇಶದಿಂದ ನನ್ನ ಅಕ್ಕನ ಓದು ನಿಂತುಹೋಗಿದೆ. ಸುತ್ತಿ ಬಳಸಿ ಹೇಳುವಷ್ಟು ಸಮಾಧಾನ ನನ್ನಲ್ಲಿ ಉಳಿದಿಲ್ಲ.

ಅಕ್ಕ ಸೂಗಮ್ಮ ಶಾಲೆ ಮುಗಿಸಿದ ಮೇಲೆ ಕಣ್ಣು ಕಳೆದುಕೊಂಡಳು; ಈಚೆಗೆ ಕಿವಿಯೂ ಹೋಯಿತು. ಕಮಲಾಪುರದ ಓದುಮನೆಯಲ್ಲಿ ಅವಳ ಬ್ರೈಲ್ ಯಂತ್ರವನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ, ಪರದೆಯ ಮೇಲಿನ ಸಾಲು ಅವಳ ಬೆರಳಡಿಯಲ್ಲಿ ಚುಕ್ಕೆಗಳಾಗಿ ಏಳುತ್ತಿತ್ತು. ಅಲ್ಲಿರುವುದು ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ. ಯಾವ ಸಾಧನ ಸಿಕ್ಕಿಸಿದರೂ ಗುರುತು ಹಿಡಿದು, ಅದನ್ನು ನಡೆಸುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶವನ್ನು ತಾನೇ ಕರೆದುಕೊಳ್ಳುತ್ತಿತ್ತು. ಬಾಗಿಲಿಗೆ ಬಂದವರಿಗೆ ನೀರು, ಬೆಲ್ಲ ಕೊಡಲು ನಮ್ಮ ಕಡೆ ಯಾರೂ ಅಪ್ಪಣೆ ಕೇಳುವುದಿಲ್ಲ. ಆ ಕಂಪ್ಯೂಟರಿಗೂ ಅಷ್ಟು ಮರ್ಯಾದೆ ತಿಳಿದಿತ್ತು.

ತಮಗೆ ಅದು ಸರಿಬೀಳಲಿಲ್ಲ. ಭದ್ರತೆಯ ಹೆಸರಿನಲ್ಲಿ ಡ್ರೈವರ್ ತಾನಾಗಿ ಬರುವುದನ್ನೇ ನಿಲ್ಲಿಸಿದಿರಿ. ಕೀಲಿಮಣೆ, ಮೌಸ್, ಪ್ರಿಂಟರಿಗೆ ಮಾತ್ರ ವಿನಾಯಿತಿ; ಅಂದರೆ ತಮ್ಮ ಮೇಜಿನ ಮೇಲೆ ಇರುವುದಕ್ಕೆಲ್ಲ. ಉಳಿದದ್ದೆಲ್ಲ ‘ಅಪರಿಚಿತ’, ಅಕ್ಕನ ಬ್ರೈಲ್ ಯಂತ್ರವೂ. ಕಳ್ಳರ ಭಯ ನನಗೂ ಅರ್ಥವಾಗುತ್ತದೆ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದುಂಟೇ? ಇಲ್ಲಿ ಕೊಯ್ದದ್ದು ತಮ್ಮ ಮೂಗನ್ನೂ ಅಲ್ಲ.

ತಮ್ಮ ಕಚೇರಿಗೂ ಬಂದಿದ್ದೆ. ಕುರ್ಚಿಯಲ್ಲಿದ್ದವರು, “ಪರದೆ ಓದೋ ದನಿ ಅದ ಅಲ್ರೀ ಬಾಯಾರ, ಕೇಳಲಿ ಬಿಡ್ರಿ” ಎಂದರು.

“ಆಕಿಗಿ ಕಿವಿ ಕೇಳಂಗಿಲ್ರಿ.”

“ಹಂಗಾದ್ರ ಯಾರರೆ ಓದಿ ಹೇಳ್ರಿ” ಎಂದು ಅವರು ಚಹಾಕ್ಕೆ ಎದ್ದುಹೋದರು. ಕಿವುಡಿಗೆ ಓದಿ ಹೇಳುವ ವಿದ್ಯೆಯನ್ನು ತಮ್ಮ ವಿಭಾಗದಲ್ಲಿ ಎಲ್ಲಿ ಕಲಿಸುತ್ತೀರಿ?

ಆಗಲೂ ನಾನು ಅಳಲಿಲ್ಲ. ಮರುದಿನ ಅಕ್ಕ ಹಟ ಹಿಡಿದು ಮತ್ತೆ ಓದುಮನೆಗೆ ಬಂದಳು. ಚುಕ್ಕೆ ಏಳದ ಪಟ್ಟಿಯ ಮೇಲೆ ಬೆರಳಾಡಿಸಿದಳು, ಸೆರಗಿಗೆ ಒರೆಸಿಕೊಂಡು ಮತ್ತೆ ಆಡಿಸಿದಳು. ಅವಳಿಗಿರುವ ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಮರಗಟ್ಟಬಹುದೆಂದು ಡಾಕ್ಟರು ಹಿಂದೆ ಎಚ್ಚರಿಸಿದ್ದರು.

“ಶೀಲಾ, ಕಣ್ಣು ಹೋದ್ವು, ಕಿವಿ ಹೋದ್ವು. ಈಗ ಬೆರಳೂ ಸತ್ತಾವೇನ?” ಎಂದಳು.

ಕೆಟ್ಟಿರುವುದು ಬೆರಳಲ್ಲ, ಕಂಪ್ಯೂಟರು ಎಂದು ಅವಳ ಅಂಗೈಯಲ್ಲಿ ಅಕ್ಷರ ಗೀಚಿ ಹೇಳಿದೆ. “ನನ್ನ ಸಮಾಧಾನಕ್ಕ ಬರೀಬ್ಯಾಡವ್ವ” ಎಂದು ಕೈ ಎಳೆದುಕೊಂಡಳು. ಅಂದಿನಿಂದ ಅವಳು ಆ ಯಂತ್ರವನ್ನು ಮುಟ್ಟಿಲ್ಲ, ಓದುಮನೆಯ ಕಡೆ ಕಾಲಿಟ್ಟಿಲ್ಲ. ನನ್ನೆದೆ ಒಡೆದುಹೋಗಿದೆ, ಮಾನ್ಯರೇ.

ಹೊಸದೇನನ್ನೂ ಕೇಳುತ್ತಿಲ್ಲ. ಆಕೆಯ ಯಂತ್ರಕ್ಕೆ ಡ್ರೈವರ್ ಮೊದಲಿನಂತೆ ತಾನಾಗಿ ಬರುವ ಹಾಗೆ ಮಾಡಿಸಿ. ಅಷ್ಟೇ ಸಾಲದು, ಒಮ್ಮೆ ಕಮಲಾಪುರಕ್ಕೆ ಬನ್ನಿ. ನಾನು ಬರೆದದ್ದನ್ನು ಅಕ್ಕ ನಂಬುವುದಿಲ್ಲ. ಅವಳ ಅಂಗೈ ಹಿಡಿದು ತಾವೇ ಬರೆಯಿರಿ: ನಿನ್ನ ಬೆರಳು ಸತ್ತಿಲ್ಲ ತಾಯಿ, ತಪ್ಪು ನಮ್ಮದು.

ಇಂತಿ,
ಅಕ್ಕನಿಗೆ ಒಂದು ಸಾಲನ್ನೂ ಓದಿ ಹೇಳಲಾಗದ ತಂಗಿ,
ಶೀಲಾ, ಕಮಲಾಪುರ