ಇನ್ನೂ ಕಟ್ಟಿರದ ಕಟ್ಟಡದಲ್ಲಿ ಬೀಗ ಬಿದ್ದ ಬಾಗಿಲು

ಸಾರ್ವಜನಿಕ ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ವೆಬ್‌ಸೈಟ್ ನನ್ನ ಅಕ್ಕನನ್ನು ಸುಳ್ಳುಗಾರ್ತಿ ಮಾಡಿದೆ. ಇದನ್ನು ನಿಮ್ಮ ಕಚೇರಿಯ ಕಿಟಕಿಯಲ್ಲಿ ಮೂರು ಸಲ ಹೇಳಿದೆ. ಮೂರು ಸಲವೂ ಬರವಣಿಗೆಯಲ್ಲಿ ಕೊಡಿ ಎಂದರು. ಇಗೋ, ಕೊಟ್ಟಿದ್ದೇನೆ. ಊರೆಲ್ಲ ಓದಲಿ ಎಂದು ಪತ್ರಿಕೆಗೇ ಕೊಟ್ಟಿದ್ದೇನೆ.

ಅಕ್ಕ ನಿಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಆರು ವರ್ಷದ ಹಿಂದೆ, ಆಗಲೇ ಎಲ್ಲರ ಬಾಯಲ್ಲೂ 'ಹಳೆ ಕಟ್ಟಡ'ವಾಗಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆ ಬೆಂಕಿ ಹತ್ತಿ ಹೊಗೆ ತುಂಬಿತು. ಅಕ್ಕ ಮುಂದಿನ ಮೆಟ್ಟಿಲು ಹತ್ತಿ ಪಾರಾದಳು. ಅವಳ ಎದುರು ನಿಂತು ಚಾದರ ಮಡಚುತ್ತಿದ್ದ ಗೆಳತಿ, ಹತ್ತಿರವೆಂದು ಹಿಂಬಾಗಿಲಿಗೆ ಓಡಿದಳು. ಅದಕ್ಕೆ ಹೊರಗಿನಿಂದ ಬೀಗ ಬಿದ್ದಿತ್ತು. ಚಾದರ ಕಳುವಾಗುತ್ತವೆ ಎಂದು ಮೇಲ್ವಿಚಾರಕರು ಹಾಕಿಸಿದ ಬೀಗ. ಅವಳು ಆ ಬಾಗಿಲಲ್ಲೇ ಉಸಿರುಗಟ್ಟಿ ಸತ್ತಳು. "ಹಳೆ ಕಟ್ಟಡದ ಹಿಂಬಾಗಿಲಿಗೆ ಬೀಗ ಹಾಕಿದ್ರು. ದಿನಾ ಹಾಕ್ತಿದ್ರು" ಎಂದು ವಿಚಾರಣೆಯಲ್ಲಿ ಹೇಳಿದವಳು ಅಕ್ಕ ಒಬ್ಬಳೇ. ಉಳಿದವರಿಗೆ ಕೆಲಸ ಉಳಿಸಿಕೊಳ್ಳಬೇಕಿತ್ತು. ಆ ಒಂದು ಮಾತಿನ ಮೇಲೆ ಮೇಲ್ವಿಚಾರಕರಿಗೆ ಶಿಕ್ಷೆಯಾಯಿತು. ಅವರು ಮೇಲ್ಮನವಿ ಹಾಕಿದರು.

ಎರಡು ವರ್ಷದ ಹಿಂದೆ ತಾವು ಹೊಸ ಕಟ್ಟಡ ತೆರೆದಿರಿ. ಸಂತೋಷ. ರೋಗಿಗಳು ವೆಬ್‌ಸೈಟ್ ನಂಬಿ ಖಾಲಿ ಬಿದ್ದ ಹಳೆ ಕಟ್ಟಡಕ್ಕೇ ಹೋಗುತ್ತಿದ್ದರು. ಅದಕ್ಕೆ ತಾವು ಕಂಡುಹಿಡಿದ ಮದ್ದು ಏನು? ವೆಬ್‌ಸೈಟಿನಲ್ಲಿ 'ಹಳೆ ಕಟ್ಟಡ' ಎಂದಿರುವಲ್ಲೆಲ್ಲ ತಾನಾಗಿಯೇ 'ಹೊಸ ಕಟ್ಟಡ' ಎಂದು ಕಾಣಬೇಕು, ಒಂದು ಪುಟವನ್ನೂ ಬಿಡಬಾರದು! ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ; ತಾವು ಕೊಯ್ದದ್ದು ಪಕ್ಕದವರ ಮೂಗು. ಆಸ್ಪತ್ರೆಯ ಇತಿಹಾಸದ ಪುಟದಲ್ಲಿ ಈಗ, 'ಹೊಸ ಕಟ್ಟಡವು ಶಿಥಿಲಗೊಂಡ ಕಾರಣ ಹೊಸ ಕಟ್ಟಡವನ್ನು ಕಟ್ಟಲಾಯಿತು' ಎಂದಿದೆ. ಓದಿ ನಕ್ಕೆ. ವಿಚಾರಣಾ ದಾಖಲೆಗಳ ಪುಟ ತೆರೆದಾಗ ಮೈಯೆಲ್ಲ ಉರಿದುಹೋಯಿತು.

ಅಲ್ಲಿ ನನ್ನ ಅಕ್ಕ, ಹೊಸ ಕಟ್ಟಡದ ಹಿಂಬಾಗಿಲಿಗೆ ಬೀಗ ಹಾಕಿದ್ದರು ಎನ್ನುತ್ತಾಳೆ. ಮೂಲ ಕಾಗದಗಳನ್ನು ತಾವು 'ಕಾಗದರಹಿತ ಆಡಳಿತ'ದ ಸಂಭ್ರಮದಲ್ಲಿ ರದ್ದಿಗೆ ಹಾಕಿದ್ದೀರಿ. ಮೇಲ್ಮನವಿಯ ಅಧಿಕಾರಿ ವೆಬ್‌ಸೈಟನ್ನೇ ಓದಿ ಷರಾ ಬರೆದರು: 'ಘಟನೆಯ ಕಾಲಕ್ಕೆ ಅಸ್ತಿತ್ವದಲ್ಲೇ ಇರದ ಕಟ್ಟಡದ ಬಗ್ಗೆ ಸಾಕ್ಷಿ ಮಾತನಾಡಿದ್ದಾರೆ. ಹೇಳಿಕೆ ವಿಶ್ವಾಸಾರ್ಹವಲ್ಲ.' ಹೇಳಿಕೆಯ ತಾರೀಕು ಅವರ ಕಣ್ಣಿಗೆ ಬೀಳಲಿಲ್ಲವೇ? ಅಡಿಪಾಯವನ್ನೂ ತೋಡಿರದ ಕಟ್ಟಡವನ್ನು ಬಟ್ಟೆ ಒಗೆಯುವ ಹೆಂಗಸು ನಾಲ್ಕು ವರ್ಷ ಮೊದಲೇ ಕನಸಿನಲ್ಲಿ ಕಂಡಳೇ?

ನಿಮ್ಮ ವೆಬ್‌ಸೈಟ್ ನೋಡಿಕೊಳ್ಳುವ ಹೆಣ್ಣುಮಗಳು ನಿಮಗಿಂತ ಸಾವಿರ ಪಾಲು ವಾಸಿ. ಕುರ್ಚಿ ಕೊಟ್ಟು ಕೂರಿಸಿ ಬಿಡಿಸಿ ಹೇಳಿದರು. "ಒಳಗೆ ಹಳೇ ಮಾತೇ ಇದೆ, ತೋರಿಸುವಾಗ ಮಾತ್ರ ಬದಲಾಗುತ್ತೆ. ಯಾವ್ಯಾವ ಪುಟಕ್ಕೆ ಬೇಕು ಅಂತ ಆರಿಸೋಕೆ ಇಲ್ಲೇ ಜಾಗ ಇದೆ. ಎಲ್ಲದಕ್ಕೂ ಹಾಕಿ ಅಂತ ಮೇಲಿಂದ ಬಂತು." ಎರಡು ನಿಮಿಷದ ಕೆಲಸವಂತೆ. ಆದರೆ ನಿಮ್ಮ ಸಹಿ ಬೇಕಂತೆ. ನಾನು ದರ್ಜಿ. ಒಬ್ಬರು ಪ್ಯಾಂಟಿನ ಕಾಲು ಗಿಡ್ಡ ಮಾಡಿ ಎಂದರೆ ಅವರ ಮನೆಯವರೆಲ್ಲರ ಪ್ಯಾಂಟಿಗೂ ಕತ್ತರಿ ಹಾಕುವುದಿಲ್ಲ. ಅಷ್ಟು ಬುದ್ಧಿ ಬರಲು ನಾನು ಯಾವ ಪರೀಕ್ಷೆಯನ್ನೂ ಪಾಸು ಮಾಡಬೇಕಾಗಲಿಲ್ಲ.

ಸತ್ತವಳ ಮಗಳು ಪ್ರತಿ ಭಾನುವಾರ ಅಕ್ಕನ ಬಳಿ ಬಂದು ಕೂರುತ್ತಿದ್ದಳು. ಷರಾ ಹೊರಬಿದ್ದ ಮೇಲೆ ಬರುತ್ತಿಲ್ಲ. ಮೊನ್ನೆ ಅಕ್ಕ ನನ್ನಿಂದ ಆ ಪುಟವನ್ನು ಓದಿಸಿಕೊಂಡಳು. ಆಮೇಲೆ, "ನಾನೇ ಹಾಗೆ ಹೇಳಿದ್ನೇನೋ ಕಣೋ. ಹೊಗೆ ಕುಡಿದ ತಲೆ" ಎಂದಳು. ಆರು ವರ್ಷ ಯಾರ ಬೆದರಿಕೆಗೂ ಜಗ್ಗದ ಹೆಂಗಸು ಈಗ ತನ್ನ ಬಾಯಿಯನ್ನು ತಾನೇ ನಂಬುತ್ತಿಲ್ಲ. ಇದಕ್ಕೆ ತಮ್ಮಲ್ಲಿ ಯಾವ ಅರ್ಜಿ ನಮೂನೆ ಇದೆ?

ಮೇಲ್ಮನವಿಯ ಕೊನೆಯ ವಿಚಾರಣೆ ಸೋಮವಾರ. ಅಷ್ಟರೊಳಗೆ ಈ ಬದಲಾವಣೆಯನ್ನು ವಿಳಾಸ, ವೇಳೆ, ದಾರಿ ತೋರಿಸುವ ಪುಟಗಳಿಗಷ್ಟೇ ಸೀಮಿತಗೊಳಿಸಿ. ಜನ ಪ್ರಮಾಣ ಮಾಡಿ ಆಡಿದ ಮಾತುಗಳಿರುವ ಪುಟಗಳಿಂದ ಕೈ ತೆಗೆಯಿರಿ. ತಪ್ಪು ನಿಮ್ಮ ಕಚೇರಿಯದೆಂದು ಮೇಲ್ಮನವಿಯ ಅಧಿಕಾರಿಗೆ ಬರೆದು ತಿಳಿಸಿ. ಆಮೇಲೆ ತಾವೇ ನಮ್ಮ ಮನೆಗೆ ಬಂದು ಅವಳ ಮಾತನ್ನು ಅವಳಿಗೆ ಓದಿ ಹೇಳಿ. ನಾನು ಓದಿದರೆ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎನ್ನುತ್ತಾಳೆ. ಇಷ್ಟಾದರೂ ಅವಳು ನಂಬುವುದು ನಿಮ್ಮ ಕಚೇರಿಯನ್ನೇ.

ಇಂತಿ,
ಅಕ್ಕನ ಮಾತನ್ನು ನಂಬಿ ನಿಮಗೆ ಪತ್ರ ಬರೆದ
ಒಬ್ಬ ದರ್ಜಿ